ಉದ್ಘಾಟಕರೇ ಮೊದಲು ಒಳಗೆ

ನನ್ನದು ಸೇಡಿನ ಸ್ವಭಾವವಲ್ಲ. ಸೇಡಿಗೆ ಬೇಕಾದ ಶಕ್ತಿಯನ್ನೆಲ್ಲ ನಾನು ಬೆಳಿಗ್ಗೆಯೇ ಬೇರೆ ಕೆಲಸಗಳಿಗೆ ಖರ್ಚು ಮಾಡಿಬಿಟ್ಟಿರುತ್ತೇನೆ. ಗ್ಯಾಸ್ ಆಫ್ ಮಾಡಿದೆನಾ, ಸ್ಕೂಟರಿನ ಸೈಡ್ ಸ್ಟ್ಯಾಂಡ್ ಎತ್ತಿದೆನಾ, ಈ ಎಡಭುಜದ ನೋವು ಭುಜದ್ದೋ ಹೃದಯದ್ದೋ. ಇಂಥ ಮನುಷ್ಯ ಹೋದ ವರ್ಷ ದೀಪಾವಳಿಗೆ ಮುಂಚೆ ಹೊಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆದದ್ದಕ್ಕೆ, ಒಬ್ಬ ದೊಡ್ಡ ಮನುಷ್ಯರನ್ನು ಅದೇ ಮಂಟಪದಲ್ಲಿ ಅದೇ ಜನರ ಮುಂದೆ ಕಿರುಚಿಸಬೇಕು ಎಂದು ನಿಶ್ಚಯಿಸಿದೆ. ಕಿರುಚಿಸಿಯೂ ಆಯಿತು. ಹೇಗೆ ಎಂಬುದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಆಟಿಸಂ ಇರುವ ಮಕ್ಕಳ ಒಂದು ಸಣ್ಣ ಕೇಂದ್ರದಲ್ಲಿ. ದಾನದ ಮೇಲೆ ನಡೆಯುವಂಥದ್ದು. ಪಾಠ ಹೇಳಲು ನನಗೆ ಬರುವುದಿಲ್ಲ; ಅದಕ್ಕೆ ಟೀಚರ್ ಇದ್ದಾರೆ. ದಾನಿಗಳನ್ನು ಹಿಡಿಯುವುದು, ಜಾಗೃತಿ ಕಾರ್ಯಕ್ರಮ ಏರ್ಪಡಿಸುವುದು, ಕುರ್ಚಿ ಹಾಕಿಸುವುದು ನನ್ನ ಪಾಲು.

ನಮ್ಮ ಕೆಲಸಕ್ಕೆ ಈ ಊರಿನದೇ ಆದ ಒಂದು ತೊಡಕಿದೆ. ಹೊಸೂರಿನವರು ಒಂದು ಮಾತನ್ನು ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ತಿರುಗಿಸಿ, ಕನ್ನಡದಲ್ಲಿ ಮುಗಿಸುತ್ತಾರೆ. ಹಾಗೆ ಮಾಡುತ್ತಿದ್ದೇವೆಂದು ನಮಗೇ ಗೊತ್ತಾಗುವುದಿಲ್ಲ. ಮಗು ತಿರುಗಿ ನೋಡಲಿಲ್ಲವೆಂದರೆ ಇನ್ನೊಂದು ಭಾಷೆಯಲ್ಲಿ ಕರೆಯುವುದೇ ಇಲ್ಲಿನ ಪ್ರೀತಿ. ನಮ್ಮ ಮಕ್ಕಳಲ್ಲಿ ಕೆಲವರಿಗೆ ಅದು ಪ್ರೀತಿಯಾಗಿ ತಲುಪುವುದಿಲ್ಲ. ಮೊದಲ ಕರೆಯನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಎರಡನೆಯದು, ಅದನ್ನು ಹಿಡಿಯುವಷ್ಟರಲ್ಲಿ ಮೂರನೆಯದು. ಅದಕ್ಕೇ ಕೇಂದ್ರದಲ್ಲಿ ಒಂದು ನಿಯಮ: ಒಂದು ಮಗುವಿಗೆ ಒಂದೇ ಭಾಷೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಈ ಕಾಯುವುದಿದೆಯಲ್ಲ, ಅದನ್ನು ದಾನಿಗಳಿಗೆ ಕಲಿಸುವುದೇ ಎಲ್ಲಕ್ಕಿಂತ ಕಷ್ಟ.

ಪಕ್ಕದ ತಳಿ ಊರಿನ ಕಡೆಯ ಒಂದು ಹಳ್ಳಿಯ ಹುಡುಗಿ ನಮ್ಮಲ್ಲಿಗೆ ಬರುತ್ತಿದ್ದಳು. ಹತ್ತನೇ ಕ್ಲಾಸು ಮುಗಿಸುವ ವಯಸ್ಸು. ಮಾತು ಬಹಳ ಕಡಿಮೆ, ಅದೂ ಕನ್ನಡವೊಂದೇ. ತಾಯಿ ಎರಡು ಸೀಟು ಹಿಂದೆ ಕೂತು, ಮಗಳು ಮುಂದೆ ಒಬ್ಬಳೇ ಕೂತು ಬಸ್ಸಿನಲ್ಲಿ ಬರುವುದನ್ನು ಟೀಚರ್ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರು. ಗುಲಾಬಿ ಹೂವನ್ನು ಕಾಂಡದ ಉದ್ದ ನೋಡಿ ವಿಂಗಡಿಸುವ ಕೆಲಸವನ್ನೂ ಕಲಿಸಿದ್ದರು. ಅವಳ ಊರಿನಿಂದ ಮೂರು ಸ್ಟಾಪ್ ಆಚೆಯ ಒಂದು ಗುಲಾಬಿ ತೋಟದ ಶೆಡ್ಡಿನವರು, "ಹಬ್ಬ ಕಳೀಲಿ, ಕಳಿಸಿ, ಕೆಲಸಕ್ಕೆ ಇಟ್ಕೊಂಡು ನೋಡೋಣ" ಎಂದು ಒಪ್ಪಿದ್ದರು. ನಮ್ಮ ಕೇಂದ್ರದಿಂದ ಹೊರಗಿನ ಕೆಲಸಕ್ಕೆ ಹೋಗಲಿದ್ದ ಮೊದಲನೆಯವಳು ಅವಳೇ.

ಅಷ್ಟರಲ್ಲಿ ನಮಗೆ ಮಧ್ಯಾಹ್ನದ ಊಟ, ವ್ಯಾನು ಕೊಡುತ್ತಿದ್ದ ಸೇವಾ ಸಂಘದವರು ಆ ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ ಇಟ್ಟರು. ಸಂಘದ ಅಧ್ಯಕ್ಷರದ್ದು ಊರಿನಲ್ಲಿ ಟೈಲ್ಸ್ ಅಂಗಡಿ. ನಾನು ಮುಂಚೆಯೇ ಹೋಗಿ ಹೇಳಿದ್ದೆ: ವಾದ್ಯ ಬೇಡ, ಫ್ಲಾಶ್ ಬೇಡ, ಹಿಂದಿನಿಂದ ಮುಟ್ಟಬೇಡಿ, ಮಕ್ಕಳನ್ನು ವೇದಿಕೆಗೆ ಕರೆಯಬೇಡಿ. ಒಂದೊಂದಕ್ಕೂ ಅವರು "ಆಯ್ತು ಸಾರ್" ಎಂದಿದ್ದರು. ನಾನು ಆತಂಕದಿಂದ ಮತ್ತೊಮ್ಮೆ ಫೋನ್ ಮಾಡಿ ಹೇಳಿದೆ. ಮತ್ತೆ "ಆಯ್ತು ಸಾರ್."

ಆ ದಿನ ಬಾಗಿಲಲ್ಲೇ ನಾದಸ್ವರ, ಅದರ ಜೊತೆಯ ಡೋಲು ತವಿಲು.

"ವಾದ್ಯ ಬೇಡ ಅಂದಿದ್ವಲ್ಲ?"

"ಇದು ಮಂಗಳವಾದ್ಯ ಸಾರ್. ಇದು ಸದ್ದಿನ ಲೆಕ್ಕಕ್ಕೆ ಬರಲ್ಲ" ಎಂದರು ಅಧ್ಯಕ್ಷರು.

ಹುಡುಗಿಯನ್ನು ತಾಯಿ ಕೊನೇ ಸಾಲಿನಲ್ಲಿ, ಬಾಗಿಲ ಪಕ್ಕ ಕೂರಿಸಿಕೊಂಡಿದ್ದರು. ಅವಳ ತಾತ, ಅಂದರೆ ತಾಯಿಯ ಮಾವ, ಮೊಮ್ಮಗಳ ಮರ್ಯಾದೆ ನೋಡಲೆಂದು ಹೊಸ ಟವಲು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರು ಮೈಕು ಹಿಡಿದು ಹಿಂದಕ್ಕೆ ಕಣ್ಣು ಹಾಯಿಸಿದರು. "ಆ ಲಾಸ್ಟಲ್ಲಿ ಕೂತಿರೋ ಪಾಪಾ, ಇಂಗೆ ವಾಮ್ಮಾ. ಇಟ್ಲಾ ರಾ ತಲ್ಲೀ. ಬಾಮ್ಮ ಬಾ. ಸಿರಿಮ್ಮಾ, ನಗು, ಫೋಟೋಗೆ ನಗು." ಇಬ್ಬರು ಹೋಗಿ ಅವಳ ತೋಳು ಹಿಡಿದು ಕರೆತಂದೇಬಿಟ್ಟರು. ಅಧ್ಯಕ್ಷರು ಶಾಲನ್ನು ಕೊಡವಿ, ಹಿಂದಿನಿಂದ ಅವಳ ಕತ್ತಿಗೆ ಹೊದಿಸಿದರು. ಜರಿಯ ಅಂಚು ಕತ್ತಿಗೆ ತಾಗಿತು. ತಾಳಿ ಕಟ್ಟುವಾಗ ಬಾರಿಸುವ ಗಟ್ಟಿಮೇಳವನ್ನು ತವಿಲಿನವನು ಆ ಕ್ಷಣಕ್ಕೇ ಬಾರಿಸಿದ.

ಹುಡುಗಿ ಕಿರುಚಿದಳು. ಶಾಲು ಕಿತ್ತೆಸೆದು, ಕುಕ್ಕರಿಸಿ, ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡಳು. ಕಾಲು ತಾಗಿ ದೀಪದ ಕಂಬ ಉರುಳಿತು; ಎಣ್ಣೆ ಅಧ್ಯಕ್ಷರ ಬಿಳಿ ಪಂಚೆಯ ಮೇಲೆ. ನಾನು ಸ್ಪೀಕರ್ ಆರಿಸಲು ಸ್ವಿಚ್‌ಬೋರ್ಡಿಗೆ ಓಡಿದೆ. ಆರಿಸಿದ್ದು ಊಟದ ಹಾಲಿನ ಫ್ಯಾನುಗಳನ್ನು. ಅಲ್ಲಿ ಎಲೆ ಹಾಕುತ್ತಿದ್ದವನು ನನ್ನ ವಂಶವನ್ನು ವಿಚಾರಿಸಿಕೊಂಡ. ವಾಪಸು ಓಡಿ ಬರುವಷ್ಟರಲ್ಲಿ ತಾಯಿ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದರು. ಸಾಲುಸಾಲಾಗಿ ಫೋನುಗಳು ಎದ್ದಿದ್ದವು. ಅಧ್ಯಕ್ಷರು ಪಂಚೆ ಒರೆಸಿಕೊಳ್ಳುತ್ತಾ ಮೈಕಿನಲ್ಲೇ ಹೇಳಿದರು:

"ಇಂಥೋರನ್ನ ಮನೇಲೇ ಇಟ್ಕೋಬೇಕು. ತಾಯಿ ನೆಟ್ಟಗೆ ಬೆಳೆಸಿಲ್ಲ, ನಾವೇನ್ ಮಾಡೋಕಾಗುತ್ತೆ."

ಇಡೀ ಹಾಲ್ ನಕ್ಕಿತು. ಕೆಟ್ಟ ಜನ ಅಂತಲ್ಲ. ಊಟಕ್ಕೆ ಹೊತ್ತಾಗಿತ್ತು, ದೊಡ್ಡವರು ತಮಾಷೆ ಮಾಡಿದ್ದರು, ನಕ್ಕರು. ತಾತ ಮಾತ್ರ ಟವಲು ತೆಗೆದು ಮಡಿಚಿ ಕಂಕುಳಲ್ಲಿಟ್ಟುಕೊಂಡು ಎದ್ದರು.

ಹುಡುಗಿ ಮತ್ತೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಸ್ಕೂಟರಿನಲ್ಲಿ ಅವರ ಊರಿಗೆ ಹೋದೆ. ತಾತ ಜಗಲಿಯ ಮೇಲೆ ಹುರುಳಿಕಾಯಿ ಮೂಟೆಗೆ ಹೊಲಿಗೆ ಹಾಕುತ್ತಿದ್ದರು. ಒಳಗಿನ ಕೋಣೆಯಲ್ಲಿ ಹುಡುಗಿ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಹಾಕಿಕೊಳ್ಳುತ್ತಿದ್ದಳು.

"ಯಜಮಾನ್ರೇ, ಶೆಡ್ಡಿನವರು ಇನ್ನೂ ಜಾಗ ಇಟ್ಟಿದ್ದಾರೆ. ಬೇಸಿಗೆ ಮುಗಿಯೋದ್ರೊಳಗೆ ಬಂದ್ರೆ ಸಾಕು ಅಂದ್ರು."

"ಮಡಗ್ಲಿ ಬುಡಪ್ಪ. ನಮ್ ಮಾನ ಮಡಗವ್ರಾ? ತಳಿ ಸಂತೇಲಿ ನಿಂತ್ರೆ ಫೋನ್ ತಂದು ಮುಖಕ್ಕೆ ಇಡಿತಾರೆ. ನೋಡ್ ತಾತ, ನಿನ್ ಮೊಮ್ಮಗ್ಳು ಅಂತಾರೆ. ಅಷ್ಟ್ ದೊಡ್ ಮನ್ಸ ಅಷ್ಟ್ ಜನದ್ ಮುಂದೆ ಮನೇಲಿ ಇಟ್ಕಳಿ ಅಂತ ಏಳ್ತು. ಇಟ್ಕಂಡಿವ್ನಿ. ಸರಿ ಓಯ್ತಲ್ಲ?"

"ಅವರು ಹೇಳಿದ್ದು ತಪ್ಪು."

"ತಪ್ಪು ಅಂತ ಆತ್ನೇ ಏಳ್ಲಿ. ಇಲ್ಲಾ ಆ ಜನ ಏಳ್ಲಿ. ನೀನ್ ಏಳಾಕೆ ಯಾರು? ಕುರ್ಚಿ ಆಕ್ಸೋನು."

ಇದು ನನ್ನ ಹುದ್ದೆಯ ಬಗ್ಗೆ ಯಾರಾದರೂ ಹೇಳಿದ ಅತ್ಯಂತ ನಿಖರವಾದ ಮಾತಾದ್ದರಿಂದ ಎದ್ದು ಸ್ಕೂಟರಿನ ಕಡೆ ನಡೆದೆ.

ತಾಯಿ ಸ್ಕೂಟರಿನವರೆಗೂ ಬಂದರು. ಅಳಲಿಲ್ಲ. "ಅಣ್ಣ, ದಿನಾ ಬಸ್ ಒತ್ತಿಗೆ ಚಪ್ಲಿ ಆಕ್ಕಂಡ್ ಕೂತ್ಕತಾಳೆ. ಬಸ್ ಓದ್ಮ್ಯಾಕೆ ತಲೆ ಗ್ವಾಡೆಗ್ ಬಡ್ಕತಾಳೆ. ಮಾವ ಬುಡಾಕಿಲ್ಲ. ನಾನ್ ಎಂಗ್ ಎದ್ರು ಮಾತಾಡ್ಲಿ?" ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಆ ವಯ್ಯ ಒಂದ್ ಗಳ್ಗೆ ನನ್ ಮಗ್ಳಾಗೋ ಅಂಗ್ ಮಾಡಾಕಾದ್ರೆ ಏಳು. ನಾನೂ ಬತ್ತೀನಿ."

ಅವರು ಸಿಟ್ಟಿಗೆ ಹೇಳಿದ್ದು. ನಾನು ಅದನ್ನು ವರ್ಕ್ ಆರ್ಡರ್ ಎಂದು ತೆಗೆದುಕೊಂಡೆ.

ಮೊದಲು ನ್ಯಾಯವಾಗಿ ಕೇಳಿ ನೋಡೋಣವೆಂದು ಟೈಲ್ಸ್ ಅಂಗಡಿಗೆ ಹೋದೆ. ಹುಡುಗಿ ಮನೆಯಲ್ಲೇ ಉಳಿದುಬಿಟ್ಟಿದ್ದಾಳೆ, ನೀವೊಂದು ಮಾತು ಹೇಳಿದರೆ ಅವರ ತಾತ ಕಳಿಸುತ್ತಾರೆ ಎಂದೆ.

"ನಾನ್ ಏನ್ ಮಾತು ಹೇಳ್ಲಿ ಸಾರ್? ಹೊಸ ಪಂಚೆ ಹೋಯ್ತು. ಒಂದ್ ಮಾತು ಕೇಳಿದ್ನಾ? ಆವತ್ತೇ ಕ್ಷಮಿಸಿಬಿಟ್ಟೆ" ಎಂದರು. ಕಾಫಿ ತರಿಸಿದರು. "ಅದು ಬಿಡಿ. ಏಪ್ರಿಲಲ್ಲಿ ಆಟಿಸಂ ದಿನ ಬರುತ್ತಲ್ಲ, ದೊಡ್ಡದಾಗಿ ಮಾಡೋಣ. ಪೇಪರಿನೋರು ಬರೋ ಥರ ಹೊಸದೇನಾದ್ರೂ ಹೇಳಿ."

ಬಾಯಿ ತಾನಾಗಿ ತೆರೆದುಕೊಂಡಿತು. "ಅನುಭವ ಕೋಣೆ ಅಂತ ಮಾಡಬಹುದು. ಆಟಿಸಂ ಇರೋರಿಗೆ ಲೋಕ ಹೇಗೆ ಕೇಳಿಸುತ್ತೆ, ಹೇಗೆ ಕಾಣುತ್ತೆ ಅಂತ ಒಳಗೆ ಹೋದೋರಿಗೆ ಗೊತ್ತಾಗುತ್ತೆ."

"ಉದ್ಘಾಟನೆ?"

"ನೀವೇ. ರಿಬ್ಬನ್ ಕತ್ತರಿಸಿ ಮೊದಲು ಒಳಗೆ ಹೋಗೋರೂ ನೀವೇ."

ಅವರ ಮುಖ ಅರಳಿತು. ನಮ್ಮ ಕಡೆ ಇದೊಂದು ಪದ್ಧತಿ. ಕಣ್ಣಿನ ಶಿಬಿರ ಉದ್ಘಾಟಿಸಿದವರ ಕಣ್ಣನ್ನೇ ಮೊದಲು ಪರೀಕ್ಷಿಸಬೇಕು, ಪೊರೆ ಇರಲಿ ಬಿಡಲಿ. ರಕ್ತದಾನ ಶಿಬಿರದಲ್ಲಿ ಅಧ್ಯಕ್ಷರು ಮಂಚದ ಮೇಲೆ ಮಲಗಿ, ತೋಳಿಗೆ ಖಾಲಿ ಪ್ಲಾಸ್ಟರ್ ಅಂಟಿಸಿಕೊಂಡು, ಹೆಬ್ಬೆರಳು ಎತ್ತಿ ಫೋಟೋ ತೆಗೆಸಿಕೊಂಡೇ ಎದ್ದುಹೋಗುತ್ತಾರೆ. ಮೊದಲಿಗರಾಗುವ ಅವಕಾಶವನ್ನು ಅವರು ಬಿಟ್ಟ ಚರಿತ್ರೆಯೇ ಇಲ್ಲ. ಕಾಫಿ ಮುಗಿಸಿ ಎದ್ದೆ. ಆಗುತ್ತಿದ್ದುದು ಹೆದರಿಕೆಯೋ ಸಂತೋಷವೋ ತಿಳಿಯದೆ, ಮನೆಗೆ ಬಂದು ಬಿ.ಪಿ. ನೋಡಿಕೊಂಡೆ.

ಟೀಚರ್‌ಗೆ ವಿಷಯ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಇದು ಜಾಗೃತಿನಾ ಸಾರ್, ಸೇಡಾ?"

"ಎರಡೂ."

"ಯಾವುದು ಮೊದಲು?"

ಬೇಕಾದ ಸಾಮಾನಿನ ಪಟ್ಟಿ ತೆಗೆದು ಅವರ ಮುಂದಿಟ್ಟೆ. ಅವರು ಒಂದು ಷರತ್ತಿನ ಮೇಲೆ ಒಪ್ಪಿದರು. ನಮ್ಮ ಮಕ್ಕಳಿಗೆ ಕೊಟ್ಟಿರುವ ಹಾಗೆ, ಒಳಗೆ ಕೂತವರ ಕೈಗೂ ಒಂದು ಕೆಂಪು ಕಾರ್ಡು ಕೊಡಬೇಕು. ಅದನ್ನು ಎತ್ತಿದರೆ ಎಲ್ಲವೂ ಅಲ್ಲಿಗೇ ನಿಲ್ಲಬೇಕು. ಅದನ್ನು ಅಧ್ಯಕ್ಷರಿಗೆ ಮುಂಚೆಯೇ ಸ್ಪಷ್ಟವಾಗಿ ಹೇಳಬೇಕು. ಹೃದಯ ಸರಿಯಿದೆಯಾ ಅಂತ ಕೇಳಬೇಕು. ಈ ಕೊನೆಯದನ್ನು ನಾನು ಅವರು ಹೇಳುವ ಮುಂಚೆಯೇ ಬರೆದಿಟ್ಟುಕೊಂಡಿದ್ದೆ.

ನಾನು ಹಿಂದೆ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದವನು. ಒಂದು ವಸ್ತು ಎಷ್ಟು ಒತ್ತಡಕ್ಕೆ ಬಿರುಕು ಬಿಡುತ್ತದೆಂದು ನೋಡುವುದು ನನಗೆ ಹೊಸದಲ್ಲ. ಕೇಂದ್ರದ ಸ್ಟೋರ್‌ರೂಮಿನಲ್ಲಿ ಮೊದಲ ಟ್ರಯಲ್ ಮಾಡಿದೆ. ಸ್ಟಾರ್ಟರ್ ಕೆಟ್ಟು ಪಟಪಟ ಹೊಡೆದುಕೊಳ್ಳುವ ಟ್ಯೂಬ್‌ಲೈಟು, ರೆಕ್ಕೆ ತಗುಲುವ ಟೇಬಲ್ ಫ್ಯಾನು, ಒಣ ಕಡಲೆಬೇಳೆ ಹಾಕಿದ ಮಿಕ್ಸಿ, ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ನಾನೇ ನಿಂತು ರೆಕಾರ್ಡ್ ಮಾಡಿದ ಕಂಡಕ್ಟರುಗಳ ಕೂಗು. ಎಲ್ಲವನ್ನೂ ಒಟ್ಟಿಗೆ ಜೋರಾಗಿ ಹಾಕಿದೆ. ಟೀಚರ್ ಅವರ ಯಜಮಾನರನ್ನು, ತಗಡು ಒತ್ತುವ ಫ್ಯಾಕ್ಟರಿಯಲ್ಲಿರುವವರನ್ನು, ಒಳಗೆ ಕೂರಿಸಿದೆ. ಅವರು ಹಾಯಾಗಿ ಹೊರಗೆ ಬಂದು, "ನಮ್ಮ ಪ್ರೆಸ್ ಶಾಪ್ ಥರಾನೇ ಇದೆ ಸಾರ್. ಕಾಫಿ ಇದೆಯಾ?" ಎಂದರು.

ನಾಲ್ಕು ದಿನ ಅದೇ ಚಿಂತೆಯಾಯಿತು. ಸೇಡು ಕೂಡ ಇನ್‌ಸ್ಪೆಕ್ಷನ್ನಿನಲ್ಲಿ ರಿಜೆಕ್ಟ್ ಆಗುವುದೆಂದರೆ! ತಪ್ಪು ಎಲ್ಲಿದೆಯೆಂದು ಟೀಚರ್ ತೋರಿಸಿಕೊಟ್ಟರು. "ಒಂದೇ ಸಮ ಇರೋ ಸದ್ದಿಗೆ ಯಾರಾದ್ರೂ ಹೊಂದ್ಕೋತಾರೆ. ನಿಲ್ಲಿಸಿ, ಮತ್ತೆ ಹಾಕಿ. ಯಾವಾಗ ಬರುತ್ತೆ ಅಂತ ಗೊತ್ತಾಗಬಾರದು. ಅದರ ನಡುವೆ ಒಂದು ಕೆಲಸ ಕೊಡಿ. ಕೆಲಸ ಹೇಳಿ, ಉತ್ತರ ಕೊಡೋಕೆ ಟೈಮ್ ಕೊಡಬೇಡಿ."

ಹಾಗಾಗಿ ಸ್ವಿಚ್ಚುಗಳನ್ನು ಬೇರೆ ಮಾಡಿ ಒಂದು ಹಲಗೆಯ ಮೇಲೆ ಕೂರಿಸಿದೆ. ಒಂದು ಕಾಲು ಮೋಟಾದ ಕುರ್ಚಿ ಹುಡುಕಿದೆ. ಹಾಕಿಕೊಳ್ಳಲು ಗಂಜಿ ಹಾಕಿದ ಕೋಟು, ಅದರ ಕಾಲರಿನ ಒಳಗೆ ತೆಂಗಿನ ನಾರು. ಕೈಗೆ ತೋಟದವರ ದಪ್ಪ ಗ್ಲೌಸು. ಎದುರಿನ ಮೇಜಿನ ಮೇಲೆ ಒಂದು ಕಟ್ಟು ಗುಲಾಬಿ. ಕಾಂಡದ ಉದ್ದ ನೋಡಿ ಮೂರು ಭಾಗ ಮಾಡಬೇಕು. ಪರದೆಯ ಹಿಂದಿನಿಂದ ಮೂರು ಜನ ಮೂರು ಭಾಷೆಯಲ್ಲಿ ಆಜ್ಞೆ ಕೊಡುವುದು. ತಮಿಳಿಗೆ ಟೀಚರ್, ತೆಲುಗಿಗೆ ನಾನು. ಕನ್ನಡಕ್ಕೆ ಯಾರು?

ಹುಡುಗಿಯ ತಾಯಿಗೆ ಫೋನ್ ಮಾಡಿದೆ. "ಬತ್ತೀನಿ ಅಂದಿದ್ನಲ್ಲ" ಎಂದರು.

ಹೊಸ ಜೋಡಣೆಯನ್ನು ನನ್ನ ಮೇಲೆಯೇ ಪರೀಕ್ಷಿಸಿಕೊಂಡೆ. ಸ್ವಲ್ಪ ಹೊತ್ತಿಗೇ ಕೆಂಪು ಕಾರ್ಡು ಎತ್ತಿದೆ. ಆ ಸಂಜೆ ಮನೆಯಲ್ಲಿ ಕುಕ್ಕರ್ ಕೂಗಿದ್ದಕ್ಕೆ ಹೆಂಡತಿಯ ಮೇಲೆ ರೇಗಿದೆ. "ರೀ, ಸೇಡು ಅವ್ರ ಮೇಲೋ, ನನ್ನ ಮೇಲೋ, ಮೊದ್ಲು ತೀರ್ಮಾನ ಮಾಡ್ಕೊಳ್ಳಿ" ಎಂದಳು. ಪರೀಕ್ಷೆ ಪಾಸಾಗಿದೆಯೆಂದು ನನಗೆ ಅರ್ಥವಾಯಿತು.

ಕಾರ್ಯಕ್ರಮಕ್ಕೆ ವಾರವಿರುವಾಗ ಅಧ್ಯಕ್ಷರು ಮಂಟಪಕ್ಕೆ ಬಂದು ನೋಡಿದರು. ವಧುವಿನ ಕೋಣೆಯನ್ನು ಅನುಭವ ಕೋಣೆ ಮಾಡಿದ್ದೆವು. ಬಾಗಿಲಲ್ಲಿ ಅವರ ಆಳೆತ್ತರದ ಚಿತ್ರವಿರುವ ಬ್ಯಾನರು. ಅದರಲ್ಲಿ ತಮಿಳಿನಲ್ಲಿ, ಆಟಿಸಂ ಅನ್ನು ಓಡಿಸೋಣ ಎಂಬ ಘೋಷಣೆ. ಓಡಿಸುವ ಭಂಗಿಯಲ್ಲೇ ನಿಂತಿದ್ದರು. ಕೋಣೆಗೆ ಇಣುಕಿ ಅವರು ಕೇಳಿದ್ದು ಒಂದೇ.

"ನಾನು ಒಳಗೆ ಹೋದ್ರೆ ಜನಕ್ಕೆ ಹೇಗೆ ಕಾಣುತ್ತೆ? ಒಳಗೊಂದು ಕ್ಯಾಮೆರಾ ಇಡ್ಸಿ. ಹಾಲಲ್ಲಿರೋ ದೊಡ್ಡ ಸ್ಕ್ರೀನಿಗೆ ಕನೆಕ್ಷನ್ ಕೊಡಿ. ಮದುವೇಲಿ ಕೊಡ್ತಾರಲ್ಲ, ಹಂಗೆ."

ಅವರು ಹೋದ ಮೇಲೆ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಕೋಣೆಗೆ ಒಪ್ಪಿದ್ದೀನಿ. ಸ್ಕ್ರೀನಿಗೆ ಒಪ್ಪಲ್ಲ. ಕಷ್ಟಪಡೋರನ್ನ ಜನಕ್ಕೆ ತೋರಿಸಬಾರದು ಅಂತ ತಾನೇ ನಾವು ಹೇಳ್ತಿರೋದು? ಬೇಡ ಅಂದುಬಿಡಿ ಸಾರ್. ವೈರ್ ಇಲ್ಲ ಅನ್ನಿ."

ಅವರ ಮಾತು ನೂರಕ್ಕೆ ನೂರು ಸರಿ. ಆ ದಿನವೆಲ್ಲ ಯೋಚಿಸಿದೆ. ಯೋಚಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಪ್ರತಿ ಸಲವೂ ಕಣ್ಣಿಗೆ ಬಂದದ್ದು ಚಪ್ಪಲಿ ಹಾಕಿಕೊಂಡು ಬಿಡುತ್ತಿದ್ದ ಆ ಹುಡುಗಿ. ಅಧ್ಯಕ್ಷರು ಮುಚ್ಚಿದ ಕೋಣೆಯಲ್ಲಿ ಒದ್ದಾಡಿ, ಬೆವರು ಒರೆಸಿಕೊಂಡು ಹೊರಗೆ ಬಂದು, "ಚೆನ್ನಾಗಿತ್ತು" ಎಂದರೆ ತಾತನಿಗೆ ಏನು ಕಂಡಂತಾಯಿತು? ಮರುದಿನ ಟೀಚರ್‌ಗೆ ಹೇಳಿದೆ: "ವೈರ್ ಇದೆ. ನಾನೇ ಎಳೀತೀನಿ."

ಅವರು ನನ್ನನ್ನು ನೋಡಿದ ರೀತಿ ನೆನೆದರೆ ಇವತ್ತಿಗೂ ಹಿತವಾಗುವುದಿಲ್ಲ. ಆದರೂ ಎಳೆದೆ.

ಏಪ್ರಿಲಿನ ಆ ಬೆಳಿಗ್ಗೆ ಮಂಟಪ ತುಂಬಿತ್ತು. ಅದೇ ಸಂಘದವರು, ಅದೇ ಕುಟುಂಬಗಳು, ಅದೇ ತವಿಲಿನವನು. ತಾಯಿ ಮಗಳನ್ನು ನಾದಿನಿಯ ಹತ್ತಿರ ಬಿಟ್ಟು ಬಂದಿದ್ದರು. ಜೊತೆಗೆ ತಾತ. "ಆ ವಯ್ಯ ನಮ್ ಹುಡ್ಗಿ ಅಂಗೇ ಕೂತ್ಕತಾನಂತೆ, ಬನ್ನಿ ಮಾವ ನೋಡಾನ" ಎಂದು ಸೊಸೆ ಹೇಳಿದ್ದಕ್ಕೆ ಬಂದಿದ್ದರು. ಈ ಸಲ ಟವಲು ಹಳೆಯದು.

ರಿಬ್ಬನ್ನಿನ ಮುಂದೆ ನಿಂತು ನಾನು ಅಧ್ಯಕ್ಷರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಒಳಗೆ ಕಷ್ಟವಾಗುತ್ತದೆ. ಆಗದಿದ್ದರೆ ಈ ಕೆಂಪು ಕಾರ್ಡು ಎತ್ತಿ, ತಕ್ಷಣ ನಿಲ್ಲಿಸುತ್ತೇವೆ. ನಿಮಗೆ ಹೃದಯದ ತೊಂದರೆ, ಫಿಟ್ಸು, ತಲೆಸುತ್ತು ಏನಾದರೂ ಉಂಟಾ?

"ನಾನು ಕಲ್ಲು ಸಾರ್" ಎಂದರು, ಫೋಟೋದವನ ಕಡೆ ನೋಡುತ್ತಾ. ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಎರಡನೇ ಸಲ ಹೇಳಿದೆ. "ಆಯ್ತು ಸಾರ್" ಎಂದರು. ಆ ಎರಡು ಪದ ಕೇಳಿದ ಮೇಲೆ ಮೂರನೇ ಸಲ ಹೇಳಲಿಲ್ಲ.

ರಿಬ್ಬನ್ ಕತ್ತರಿಸಿ ಒಳಗೆ ಹೋಗಿ ಕೂತರು. ಕೋಟು, ಗ್ಲೌಸು ಹಾಕಿಸಿದೆವು. ಕ್ಯಾಮೆರಾಗೆ ಕೈ ಬೀಸಿದರು. ಹಾಲಿನಲ್ಲಿ ಚಪ್ಪಾಳೆ. ನಾನು ಪರದೆಯ ಹಿಂದೆ ಹೋಗಿ ಸ್ವಿಚ್ಚಿನ ಹಲಗೆಯ ಮುಂದೆ ಕೂತೆ.

ಟ್ಯೂಬ್‌ಲೈಟು ಹೊಡೆದುಕೊಳ್ಳತೊಡಗಿತು. ಮೊದಲು ಅವರು ನಗುತ್ತಲೇ ಗುಲಾಬಿ ಎತ್ತಿಕೊಂಡರು. ಮಿಕ್ಸಿಯನ್ನು ಒಮ್ಮೆ ಗುಡುಗಿಸಿ ನಿಲ್ಲಿಸಿದೆ. ಕುರ್ಚಿ ಓಲಾಡಿತು. "ಉಕ್ಕಾರುಂಗ" ಎಂದರು ಟೀಚರ್, ಕೂತ್ಕೊಳ್ಳಿ ಎಂದು. "ಪೆದ್ದವಿ ಅಟ್ಲಾ ಪೆಟ್ಟಂಡಿ" ಎಂದೆ, ಉದ್ದವಾದದ್ದನ್ನು ಆ ಕಡೆ ಇಡಿ ಎಂದು. "ಕುಳ್ಳವು ಇತ್ತಾಗೆ" ಎಂದರು ತಾಯಿ. ಅಧ್ಯಕ್ಷರು ಒಂದು ಹೂವನ್ನು ಎತ್ತಿ, ಯಾರ ಮಾತು ಕೇಳುವುದೆಂದು ತಿಳಿಯದೆ ಹಿಡಿದುಕೊಂಡೇ ಕೂತರು. "ಸೀಕ್ರಂ" ಎಂದರು ಟೀಚರ್. "ತೊಂದರಗಾ" ಎಂದೆ, ಬೇಗ ಎಂದು. "ಬಿರ್‍ರನೆ" ಎಂದರು ತಾಯಿ. ಕಂಡಕ್ಟರುಗಳ ಕೂಗು ಬಂತು, ಹೋಯಿತು. ಗ್ಲೌಸಿನ ಬೆರಳಿಂದ ಗುಲಾಬಿ ಜಾರಿ ಬಿತ್ತು. ಕಾಲರಿನೊಳಗೆ ಕೈ ಹಾಕಿ ಕೆರೆದುಕೊಂಡರು. "ಕೆರ್ಕಬ್ಯಾಡಿ. ನಗಿ. ಫೋಟೋಗ್ ನಗಿ" ಎಂದರು ತಾಯಿ. ಇದು ನಾವು ಬರೆದುಕೊಂಡದ್ದರಲ್ಲಿ ಇರಲಿಲ್ಲ.

"ಒಂದ್ನಿಮಿಷ, ಒಬ್ಬೊಬ್ರೇ ಹೇಳಿ" ಎಂದರು ಅಧ್ಯಕ್ಷರು.

ಒಬ್ಬೊಬ್ಬರೇ ಹೇಳಲಿಲ್ಲ.

ಅವರ ಹಣೆಯಲ್ಲಿ ಬೆವರು ಕಾಣಿಸಿತು. ಜೇಬಿನಲ್ಲಿದ್ದ ಕಾರ್ಡು ಅವರಿಗೆ ನೆನಪಿದ್ದಂತಿರಲಿಲ್ಲ. ಟೀಚರ್ ನನ್ನ ಕಡೆ ತಿರುಗಿ, ನಿಲ್ಲಿಸಿ ಎಂದು ಕೈ ಮಾಡಿದರು. ನನ್ನ ಬೆರಳು ಮೇನ್ ಸ್ವಿಚ್ಚಿನ ಮೇಲೆಯೇ ಇತ್ತು. ಅಧ್ಯಕ್ಷರಿಗೆ ಏನಾದರೂ ಆದರೆ ಎಂಬ ಭಯದಲ್ಲಿ ನನಗೇ ಏನಾದರೂ ಆಗುವ ಸಂಭವ ಹೆಚ್ಚಿತ್ತು. ಆದರೂ ಆರಿಸಲಿಲ್ಲ. ಅಷ್ಟರಲ್ಲಿ ತಾಯಿ ಎದ್ದು, ಪರದೆ ಸರಿಸಿಕೊಂಡು ಹೊರಗೆ ಹೋಗಿ, ಸನ್ಮಾನಕ್ಕೆಂದು ಅದೇ ಕೋಣೆಯಲ್ಲಿ ತಂದಿಟ್ಟಿದ್ದ ಶಾಲುಗಳಲ್ಲಿ ಒಂದನ್ನು ಕೊಡವಿ, ಹಿಂದಿನಿಂದ ಅಧ್ಯಕ್ಷರ ಕತ್ತಿಗೆ ಹೊದಿಸಿದರು.

ಹಾಲಿನಲ್ಲಿ ತವಿಲಿನವನು ಸ್ಕ್ರೀನ್ ನೋಡುತ್ತಿದ್ದ. ಶಾಲು ಬಿದ್ದದ್ದು ಕಂಡಿತು. ಅಭ್ಯಾಸಬಲ; ಗಟ್ಟಿಮೇಳ ಬಾರಿಸಿಬಿಟ್ಟ. ಆಣೆ ಮಾಡಿ ಹೇಳುತ್ತೇನೆ, ಅವನಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಅಧ್ಯಕ್ಷರು ಕಿರುಚಿದರು. ಶಾಲು ಕಿತ್ತೆಸೆದರು. ಎದ್ದ ರಭಸಕ್ಕೆ ಮೇಜು ಮಗುಚಿ ಗುಲಾಬಿಯೆಲ್ಲ ಚೆಲ್ಲಿತು. "ನಿಲ್ಸ್ರೋ" ಎಂದು ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟರು. ನಾನು ಸ್ವಿಚ್ ಆರಿಸಿದೆ. ಈ ಸಲ ಸರಿಯಾದ ಸ್ವಿಚ್ಚನ್ನೇ.

ಇಡೀ ಹಾಲ್ ನಗುತ್ತಿತ್ತು. ಆ ನಗು ಗೋಡೆಯಾಚೆಯಿಂದ ಕೇಳಿದಾಗ ನನಗೆ ಆದ ಸಂತೋಷವನ್ನು ಮರೆಮಾಚುವುದಿಲ್ಲ. ಟೀಚರ್ ಅಧ್ಯಕ್ಷರಿಗೆ ನೀರು ಕೊಟ್ಟು, ಕೋಟು ಬಿಚ್ಚಿ, ಪಕ್ಕದಲ್ಲಿ ಸುಮ್ಮನೆ ಕೂತರು. ಮಕ್ಕಳಿಗೆ ಮಾಡುವ ಹಾಗೆಯೇ. ತಾಯಿ ಮಾತ್ರ ಸೀದಾ ಹಾಲಿಗೆ ನಡೆದು, ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡರು. ನಾನೂ ಹಿಂದೆಯೇ ಓಡಿದೆ. ಅವರಿಗೆ ಮೈಕು ಹಿಡಿದು ಅಭ್ಯಾಸವಿರಲಿಲ್ಲ. ಬಾಯಿಗೆ ತೀರ ಹತ್ತಿರ ಹಿಡಿದರು, ಉಸಿರು ಮೊದಲು ಕೇಳಿಸಿತು.

"ಇಂತೋರ್‍ನ ಮನೇಲೇ ಇಟ್ಕಬೇಕು. ಇವ್ರ ತಾಯಿ ನೆಟ್ಟುಗ್ ಬೆಳೆಸಿಲ್ಲ."

ಅಷ್ಟೇ. ಮೈಕನ್ನು ವಾಪಸು ಕೊಟ್ಟರು.

ನಗು ನಿಂತಿತು. ಯಾರ ಮಾತು ಅದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆ ಮಾತಿಗೆ ಒಮ್ಮೆ ನಕ್ಕಿದ್ದವರೇ ಅವರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಾತ ಎದ್ದು ನಿಂತು, ಸ್ಕ್ರೀನಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದ ಅಧ್ಯಕ್ಷರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಹತ್ತಿರ ಬಂದು ಕೇಳಿದರು:

"ನಮ್ ಹುಡ್ಗಿಗೆ ದಿನಾ ಇಂಗೇ ಆಗೋದಾ?"

"ಊ ಮಾವ. ದಿನಾ."

"ಈ ವಯ್ಯ ಇಷ್ಟ್‌ಕ್ಕೇ ಇಂಗಾಡ್ತಾನಲ್ಲ." ಟವಲು ಸರಿಮಾಡಿಕೊಂಡು, "ಅವ್ಳು ಬಸ್ಸಲ್ಲಿ ಅಷ್ಟ್ ದೂರ ಎಂಗ್ ಓಯ್ತಿದ್ಲು?" ಎಂದರು. ಊಟಕ್ಕೆ ನಿಲ್ಲಲಿಲ್ಲ. ಹೊರಡುವಾಗ ನನ್ನ ಕಡೆ ತಿರುಗಿ, "ಆ ಹೂವಿನ್ ಶೆಡ್ಡೋರಿಗ್ ಏಳಪ್ಪ, ಬತ್ತಾಳೆ ಅಂತ" ಎಂದರು.

ಅಧ್ಯಕ್ಷರ ವಿಡಿಯೋ ಅಂದೇ ತಳಿ, ಬೇರಿಕೆ, ಕೃಷ್ಣಗಿರಿಯವರೆಗೂ ಓಡಾಡಿತು. ನಾನು ಹರಡಲಿಲ್ಲ, ತಡೆಯಲೂ ಇಲ್ಲ. ಸಂಘದವರು ಊಟ, ವ್ಯಾನು ಎರಡನ್ನೂ ನಿಲ್ಲಿಸಿದರು. ಅದರ ಚಿಂತೆ ಈಗಲೂ ಇದೆ; ವ್ಯಾನಿಗಾಗಿ ಇನ್ನೂ ಬಾಗಿಲು ಬಾಗಿಲು ಅಲೆಯುತ್ತಿದ್ದೇನೆ. ಟೀಚರ್ ಕೆಲವು ದಿನ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಅವರೇ ಆ ಕೋಣೆಯನ್ನು ತಿದ್ದಿದರು. ಸ್ಕ್ರೀನ್ ಇಲ್ಲ, ಶಾಲು ಇಲ್ಲ, ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಕೂರಬೇಕು. ಶಾಲೆಯ ಮೇಷ್ಟರುಗಳು, ಬಸ್ ಕಂಡಕ್ಟರುಗಳು ಬಂದು ಕೂತು ಹೋಗುತ್ತಾರೆ. ಹೊರಗೆ ಬಂದು, ಮಕ್ಕಳ ಜೊತೆ ಹೇಗೆ ಮಾತಾಡಬೇಕೆಂದು ಟೀಚರನ್ನು ಕೇಳುತ್ತಾರೆ. ಅದು ಒಳ್ಳೆಯ ಜಾಗೃತಿ, ನನ್ನದಕ್ಕಿಂತ ಮೇಲು. ಒಪ್ಪುತ್ತೇನೆ. ಆದರೆ ಅದರಿಂದ ಆ ತಾತನ ಬಾಗಿಲು ತೆರೆಯುತ್ತಿತ್ತೇ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ಬೇರೆ.

ಹುಡುಗಿ ಶೆಡ್ಡಿಗೆ ಹೋಗತೊಡಗಿದ ಮೊದಲ ವಾರ, ನೋಡಿಕೊಂಡು ಬರಲು ಅವರ ಊರಿನ ಬಸ್ ಸ್ಟಾಪಿಗೆ ಹೋಗಿದ್ದೆ. ಅವಳಿಗೆ ನನ್ನ ಅಗತ್ಯವಿರಲಿಲ್ಲ. ನೋಡದೆ ಇರಲು ನನಗೆ ಆಗಲಿಲ್ಲ. ತಾಯಿ ಮಗಳು ಮರದ ಕೆಳಗೆ ನಿಂತಿದ್ದರು. ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಅಧ್ಯಕ್ಷರು ಇಳಿದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಹಿಂದೆ ಕ್ಯಾಮೆರಾದವನು. ಸಂಘದ ಚುನಾವಣೆ ಹತ್ತಿರ ಬಂದಿರುವುದು ನನಗೆ ಗೊತ್ತಿತ್ತು.

"ಅಮ್ಮಾ, ಆಗಿದ್ದು ಆಗೋಯ್ತು. ಕ್ಷಮಿಸಿಬಿಟ್ಟೆ ಅಂತ ಒಂದು ಮಾತು ಹೇಳಿಬಿಡಿ. ಪಾಪು ಜೊತೆ ಒಂದು ಫೋಟೋ. ಎರಡೇ ನಿಮಿಷ."

ತಾಯಿ ಅವರ ತಲೆಯ ಮೇಲಿಂದ ರಸ್ತೆ ನೋಡಿದರು. "ಕ್ಷಮಿಸಾಕೆ ಈಗ ಒತ್ತಿಲ್ಲ ಸಾರ್. ಬಸ್ ಬತ್ತಾ ಅದೆ."

ಬಸ್ಸು ಬಂದು ನಿಂತಿತು. ಹುಡುಗಿ ಅಧ್ಯಕ್ಷರನ್ನು ಒಂದು ಕಂಬವನ್ನು ಬಳಸುವ ಹಾಗೆ ಬಳಸಿಕೊಂಡು ಹೋಗಿ, ಮುಂದಿನ ಬಾಗಿಲಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತಳು. ತಾಯಿ ಎರಡು ಸೀಟು ಹಿಂದೆ. ಅಧ್ಯಕ್ಷರು ಬುಟ್ಟಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ನೀವಾದ್ರೂ ಹೇಳಿ ಸಾರ್. ಸ್ವಲ್ಪ ನಿಂತ್ಕೊಳ್ಳಿ, ಮಾತಾಡೋಣ."

"ನನ್ನ ಬಸ್ಸೂ ಇದೇ" ಎಂದು ಹತ್ತಿಬಿಟ್ಟೆ.

ಸ್ಕೂಟರ್ ಮರದ ಕೆಳಗೇ ಇತ್ತು. ಅದಕ್ಕೆ ಬೀಗ ಹಾಕಿದ್ದೆನೋ ಇಲ್ಲವೋ ಎಂಬ ಯೋಚನೆ ಬಸ್ಸು ಹೊರಡುತ್ತಿದ್ದಂತೆಯೇ ಶುರುವಾಯಿತು. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆಯಬಹುದಿತ್ತು. ಬೇಡವೆಂದುಕೊಂಡೆ. ಹಿಂದಿನ ಗಾಜಿನಲ್ಲಿ ಅವರು ಬುಟ್ಟಿ ಹಿಡಿದುಕೊಂಡು ಇನ್ನೂ ನಿಂತಿರುವುದು ಕಾಣುತ್ತಿತ್ತು. ಕಾಣದಂತಾಗುವವರೆಗೂ ನೋಡಿದೆ, ಆಮೇಲೆ ಕಂಡಕ್ಟರನ್ನು ಕರೆದು ಶೆಡ್ಡಿನವರೆಗೂ ಟಿಕೆಟ್ ತೆಗೆದುಕೊಂಡೆ.